ಒಂದು ಅಪೂರ್ವ ವಾದ್ಯದ ನಾಮನಿರ್ಣಯ

ಹೆಸರು ತಿಳಿಯದ ಪದಾರ್ಥವನ್ನು ಅದರ ಲಕ್ಷಣದಿಂದ ಗುರುತಿಸಬೇಕೆಂಬುದು ನಮ್ಮ ಶಾಸ್ತ್ರಕಾರರು ಹಾಕಿಕೊಟ್ಟ ದಾರಿ. ಲಕ್ಷಣವೆಂದರೆ ಆ ಪದಾರ್ಥದಲ್ಲಿ ತಪ್ಪದೆ ಇದ್ದು ಮತ್ತೊಂದರಲ್ಲಿ ಇಲ್ಲದಿರುವ ಧರ್ಮ. ಹಸುವೆಂದರೆ ಕೊಂಬುಳ್ಳದ್ದು ಎಂದರೆ ಎಮ್ಮೆಗೂ ಕೊಂಬುಂಟು, ಅದು ಅತಿವ್ಯಾಪ್ತಿ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಗಂಗೆದೊಗಲು ಉಳ್ಳದ್ದು ಎಂದಾಗ ಮಾತ್ರ ಲಕ್ಷಣ ನಿಲ್ಲುತ್ತದೆ. ತರ್ಕಶಾಸ್ತ್ರದ ಮೊದಲ ಪಾಠದಲ್ಲಿ ಬಾಲಕರಿಗೆ ಹೇಳುವ ಈ ಮಾತು ಅಟ್ಟದ ಮೇಲಿಂದ ಇಳಿದುಬಂದ ಹಳೆಯ ವಾದ್ಯವನ್ನು ಗುರುತಿಸುವಾಗಲೂ ಅಷ್ಟೇ ಉಪಯೋಗಕ್ಕೆ ಬರುತ್ತದೆಂಬುದನ್ನು ನಮ್ಮ ಶಾಲೆಯ ವಸ್ತುಸಂಗ್ರಹದ ಕೊಠಡಿಯಲ್ಲಿರುವ ಒಂದು ಚರ್ಮವಾದ್ಯದ ನೆಪದಿಂದ ಇಲ್ಲಿ ವಿವರಿಸುತ್ತೇನೆ.

ಚರ್ಮವಾದ್ಯಗಳ ವಿಷಯದಲ್ಲಿ ಆಕಾರ, ಗಾತ್ರ, ಮರದ ಜಾತಿ, ಬಣ್ಣ, ಮೇಲಿನ ಗೊಂಡೆ ಕುಚ್ಚುಗಳು, ಇವೆಲ್ಲ ಹಸುವಿನ ಕೊಂಬಿನಂತೆ. ಒಂದೇ ಆಕಾರದ ವಾದ್ಯಕ್ಕೆ ಊರೂರಿಗೆ ಬೇರೆ ಹೆಸರು. ಒಂದೇ ಹೆಸರಿಗೆ ಊರೂರಿಗೆ ಬೇರೆ ಆಕಾರ. ಗಂಗೆದೊಗಲು ಯಾವುದೆಂದರೆ ಶ್ರುತಿ ಹೂಡುವ ಬಗೆ. ಚರ್ಮವು ಮಳೆಗಾಲದ ತೇವವನ್ನು ಹೀರಿ ಸಡಿಲಾಗುತ್ತದೆ, ಬೇಸಗೆಯಲ್ಲಿ ಒಣಗಿ ಬಿಗಿಯುತ್ತದೆ. ನುಡಿಸುವವನು ಈ ಸಡಿಲವನ್ನೂ ಬಿಗುವನ್ನೂ ತನ್ನ ಅಂಕೆಯಲ್ಲಿಟ್ಟುಕೊಳ್ಳದೆ ಗತ್ಯಂತರವಿಲ್ಲ. ಈ ಕಷ್ಟಕ್ಕೆ ಒಂದೊಂದು ಜನಸಮುದಾಯವೂ ಒಂದೊಂದು ಪರಿಹಾರ ಕಂಡುಕೊಂಡಿತು. ಆ ಪರಿಹಾರದ ಗುರುತು ವಾದ್ಯದ ಮೈಮೇಲೆ ತೂತಾಗಿಯೋ ಗೀರಾಗಿಯೋ ಸವಕಳಿಯಾಗಿಯೋ ಉಳಿದಿರುತ್ತದೆ. ಬಣ್ಣ ಮಾಸಿದರೂ ಕುಚ್ಚು ಕಳಚಿದರೂ ಅದು ಹೋಗುವುದಿಲ್ಲ.

ಹಲಗೆ ಬಾರಿಸುವವರು ಹುಲ್ಲು ಕಡ್ಡಿಗಳ ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸಿ ಬಿಗಿಗೊಳಿಸುವುದನ್ನು ವಾಚಕರು ಜಾತ್ರೆಗಳಲ್ಲಿ ನೋಡಿಯೇ ಇರುತ್ತಾರೆ. ಹಳೆಯ ಹಲಗೆಯ ಅಂಚು ಹೊಗೆಯಿಂದ ಕಪ್ಪಾಗಿರುವುದು ಅದರಿಂದಲೇ. ಢೋಲಕಿಯಲ್ಲಿ ಹಗ್ಗದ ಜೋಡಿಗಳ ಮೇಲೆ ಕಬ್ಬಿಣದ ಉಂಗುರಗಳನ್ನು ಜರುಗಿಸುತ್ತಾರೆ. ತಬಲೆಯಲ್ಲಿ ಬಾರಿನ ಕೆಳಗೆ ಮರದ ಗಟ್ಟೆಗಳನ್ನು ಸೇರಿಸಿ ಸುತ್ತಿಗೆಯಿಂದ ಮೇಲೆ ಕೆಳಗೆ ಸರಿಸುತ್ತಾರೆ. ಮೃದಂಗದ ಬಲಗಡೆ ಕರಣೆಯೆಂಬ ಕರಿಯ ಲೇಪ ಸ್ಥಿರವಾಗಿರುತ್ತದೆ, ಕಲ್ಲಿನಿಂದ ಅಂಚನ್ನು ತಟ್ಟಿ ಶ್ರುತಿ ಕೂಡಿಸುತ್ತಾರೆ. ಎಡಗಡೆಗೆ ಕಚೇರಿಯ ಹೊತ್ತಿಗೆ ರವೆಯ ಮುದ್ದೆಯನ್ನು ಹಚ್ಚಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಶಾಲೆಗಳ ಬ್ಯಾಂಡಿನ ಡ್ರಮ್ಮುಗಳಲ್ಲಿ ಹಿಂದೆ ಹಗ್ಗವೂ ಅದನ್ನು ಬಿಗಿಹಿಡಿಯುವ ಚರ್ಮದ ಕಿವಿಗಳೂ ಇದ್ದವು, ಆಮೇಲೆ ಲೋಹದ ತಿರುಪುಗಳು ಬಂದವು.

ಲೇಪದ ಪದ್ಧತಿ ಬಹು ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರದಲ್ಲಿ ಪುಷ್ಕರವಾದ್ಯಗಳನ್ನು ಹೇಳುವಲ್ಲಿ ಸ್ವಾತಿಯೆಂಬ ಮುನಿಯು ಮಳೆಯ ದಿನ ಸರೋವರಕ್ಕೆ ನೀರಿಗೆ ಹೋದಾಗ ಹಿರಿದು ಕಿರಿದಾದ ಕಮಲದೆಲೆಗಳ ಮೇಲೆ ಹನಿಗಳು ಬಿದ್ದ ನಾದವನ್ನು ಕೇಳಿ ಈ ವಾದ್ಯಗಳನ್ನು ಕಲ್ಪಿಸಿದನೆಂಬ ಕಥೆಯಿದೆ. ಅವುಗಳಿಗೆ ಸ್ವರ ಕೂಡಿಸಲು ನದೀತೀರದ ಮಣ್ಣನ್ನು ಹಚ್ಚುವ ವಿಧಾನವೂ ಅಲ್ಲಿ ಹೇಳಲ್ಪಟ್ಟಿದೆ. ಆ ಸ್ವರಯೋಜನೆಗೆ ಮಾರ್ಜನೆಯೆಂದು ಹೆಸರು. ಮಾಯೂರೀ, ಅರ್ಧಮಾಯೂರೀ, ಕಾರ್ಮಾರವೀ ಎಂದು ಅದು ಮೂರು ಬಗೆ. ಎಲ್ಲ ಮಣ್ಣೂ ಆಗುವುದಿಲ್ಲ. ಮರಳು, ಉಪ್ಪು, ಕಸ ಸೇರಿದ್ದು ಕೂಡದು. ಇಂದಿನ ಮೃದಂಗದ ಕರಣೆ, ತಬಲೆಯ ಸ್ಯಾಹಿ ಈ ಮಣ್ಣಿನ ವಂಶದವುಗಳೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಅಂಥ ಲೇಪದಿಂದ ಚರ್ಮದ ಒರಟು ದನಿಯು ತಂತಿಯ ದನಿಯಂತೆ ಸುಸ್ವರವಾಗುವುದು ಏಕೆಂಬುದನ್ನು ಸರ್ ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಮುಂದೆ ಬೆಂಗಳೂರಿಗೆ ಬಂದ ಮೇಲೆ ಅದೇ ವಿಷಯವನ್ನು ವಿಸ್ತರಿಸಿ ಬರೆದರು.

ಇವೆಲ್ಲವೂ ನುಡಿಸುವುದಕ್ಕೆ ಮುಂಚೆ ಶ್ರುತಿ ಹೂಡುವ ಪದ್ಧತಿಗಳು. ನುಡಿಸುತ್ತಿರುವಾಗಲೇ ಶ್ರುತಿಯನ್ನು ಏರಿಸಿ ಇಳಿಸುವ ಮತ್ತೊಂದು ಪದ್ಧತಿಯುಂಟು. ನಡು ಸಣ್ಣಗಾಗಿ ಎರಡು ಬಾಯಿ ಅಗಲವಾದ ಡಮರುವಿನ ಆಕಾರದ ವಾದ್ಯಗಳಲ್ಲಿ ಎರಡು ಮುಖಗಳನ್ನೂ ಕೂಡಿಸುವ ದಾರಗಳು ನಡುವಿನ ಬಯಲಿನಲ್ಲಿ ಸಡಿಲಾಗಿ ಹಾಯುತ್ತವೆ. ಅವುಗಳನ್ನು ಹಿಡಿಯಲ್ಲಿ ಅದುಮಿದರೆ ಎರಡೂ ಚರ್ಮಗಳು ಒಮ್ಮೆಗೇ ಬಿಗಿಯುತ್ತವೆ, ಬಿಟ್ಟರೆ ಸಡಿಲಾಗುತ್ತವೆ. ಉಡುಪಿ, ಕುಂದಾಪುರದ ಸೀಮೆಯ ನಾಗಮಂಡಲದಲ್ಲಿ ವೈದ್ಯರು ನುಡಿಸುವ ಢಕ್ಕೆ ಈ ಜಾತಿಯದು. ಪಡುಬಿದ್ರೆಯ ಬ್ರಹ್ಮಸ್ಥಾನದ ಢಕ್ಕೆಬಲಿಗೆ ಹೆಸರು ಬಂದದ್ದೇ ಈ ವಾದ್ಯದಿಂದ. ಕೇರಳದ ಇಡಕ್ಕ ಇದೇ ಜಾತಿಯಲ್ಲಿ ಅತ್ಯಂತ ಸಂಸ್ಕಾರಗೊಂಡದ್ದು. ಅದರಲ್ಲಿ ಚರ್ಮವನ್ನು ಒಡಲಿಗೇ ಕಟ್ಟದೆ ಒಡಲಿಗಿಂತ ಅಗಲವಾದ ಬಳೆಗಳಿಗೆ ಕಟ್ಟುತ್ತಾರೆ. ದಾರಗಳ ನಡುವೆ ನಾಲ್ಕು ಮರದ ಕಡ್ಡಿಗಳಿದ್ದು ಒಂದೊಂದಕ್ಕೂ ಹದಿನಾರರಂತೆ ಒಟ್ಟು 64 ಉಣ್ಣೆಯ ಗೊಂಡೆಗಳು ಜೋಲುತ್ತವೆ. ನಾಲ್ಕು ವೇದ, ಅರವತ್ತುನಾಲ್ಕು ಕಲೆ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಹೆಗಲಪಟ್ಟಿಯನ್ನು ಎಡಗೈಯಿಂದ ಒತ್ತುತ್ತ ಸೋಪಾನದ ಬಳಿ ನಿಂತು ಹಾಡುವಾತನು ಅದರಲ್ಲಿ ತಾಳವನ್ನಷ್ಟೇ ಅಲ್ಲ, ಹಾಡಿನ ಧಾಟಿಯನ್ನೇ ನುಡಿಸುತ್ತಾನೆ. ಞೆರಳತ್ತ್ ರಾಮ ಪೊದುವಾಳ್ (1916–1996) ಅವರು ಈ ಸಂಗೀತವನ್ನು ದೇವಾಲಯದ ಹೊರಗಿನ ಜನರಿಗೂ ಕೇಳಿಸಿದವರೆಂದು ಪ್ರಸಿದ್ಧರು. ಆದುದರಿಂದ ಚರ್ಮವಾದ್ಯವು ಲಯಕ್ಕೆ ಮಾತ್ರ, ಸ್ವರಕ್ಕಲ್ಲ ಎಂಬ ಸಾಮಾನ್ಯ ನಂಬಿಕೆ ಈ ಜಾತಿಯ ವಾದ್ಯಗಳ ಮುಂದೆ ನಿಲ್ಲುವುದಿಲ್ಲ.

ಇನ್ನು ನಮ್ಮ ಕೊಠಡಿಯ ವಸ್ತುವಿನ ವಿಚಾರ. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ತೊಟ್ಟಿಮನೆಯನ್ನು ಬಿಚ್ಚಿ ಕಟ್ಟಿಸುವಾಗ ಅಟ್ಟದಲ್ಲಿ ದೊರೆತ ಹದಿನೇಳು ಸಾಮಾನುಗಳನ್ನು ಶಾಲೆಗೆ ಕೊಟ್ಟರು. ಬೀಸುವ ಕಲ್ಲು, ಅಡಕೊತ್ತು, ತಾಳೆಗರಿಯ ಕಟ್ಟು, ದೀಪದ ಕಂಬಗಳ ನಡುವೆ ಇದೂ ಒಂದು. ಮರದ ತುಂಡನ್ನು ಕೊರೆದು ಮಾಡಿದ ದುಂಡನೆಯ ಕೊಳವೆ. ಎತ್ತರ ಒಂದು ಅಡಿಗೆ ತುಸು ಕಡಿಮೆ. ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಬಯಲು. ಚರ್ಮದ ನಟ್ಟನಡುವೆ ಕಡಲೆಕಾಳು ಹಿಡಿಸುವಷ್ಟು ತೂತು. ಉಂಗುರವಿಲ್ಲ, ಗಟ್ಟೆಯಿಲ್ಲ, ಲೇಪವಿಲ್ಲ, ಹಗ್ಗವೂ ಇಲ್ಲ. ದಾಖಲೆಯ ಪುಸ್ತಕದಲ್ಲಿ ‘ಮುರಿದ ಡೊಳ್ಳು, ಸಣ್ಣದು, 1’ ಎಂದು ಬರೆಯಲ್ಪಟ್ಟಿತು.

ಅಧ್ಯಾಪಕರ ಕೊಠಡಿಯಲ್ಲಿ ಈ ವಸ್ತುವನ್ನು ಕುರಿತು ನಡೆದ ಚರ್ಚೆಯು ಕೆಲವು ದಿನ ಪಾಠಗಳಿಗಿಂತಲೂ ಉತ್ಸಾಹದಿಂದ ನಡೆಯಿತೆಂದು ಹೇಳಬೇಕು. ಇದು ಧಾನ್ಯ ಅಳೆಯುವ ಕೊಳಗವೆಂದು ಗಣಿತದ ಅಧ್ಯಾಪಕರು ವಾದಿಸಿದರು. ಆಕಾರವೇನೋ ಹಾಗೆಯೇ ಇದೆ. ಆದರೆ ಅಳತೆಯ ಪಾತ್ರೆಗೆ ಕುಗ್ಗದ ತಳ ಬೇಕು; ತುಂಬಿದಷ್ಟೂ ಇಳಿಯುವ ಚರ್ಮದ ತಳದಿಂದ ಅಳೆದರೆ ಮಾರುವವನು ಕೆಡುತ್ತಾನೆ, ಒಳಗಿನಿಂದ ಚರ್ಮವನ್ನು ಮೇಲಕ್ಕೆ ಉಬ್ಬಿಸಿಕೊಂಡರೆ ಕೊಳ್ಳುವವನು ಕೆಡುತ್ತಾನೆ. ಇದು ಎರಡು ಮುಖದ ಚರ್ಮವಾದ್ಯ, ಒಂದು ಮುಖದ ಚರ್ಮ ಹೋಗಿದೆ ಎಂಬುದು ಎರಡನೆಯ ಪಕ್ಷ. ಇದನ್ನು ಒಪ್ಪಿ ಬಯಲಾದ ಬಾಯಿಗೆ ಹೊಸ ಚರ್ಮ ಹಾಕಿಸಿ, ತೂತಿಗೆ ತೇಪೆ ಹಚ್ಚಿಸಿ, ಬಣ್ಣ ಬಳಿಸಿ ವಾರ್ಷಿಕೋತ್ಸವದ ಹೊತ್ತಿಗೆ ಸಿದ್ಧಪಡಿಸಬೇಕೆಂಬ ಸಲಹೆಯೂ ಬಂದಿತು. ಖರ್ಚು ಕೊಡಲು ಒಬ್ಬ ದಾನಿಗಳು ಮುಂದಾಗಿದ್ದರು. ಸದುದ್ದೇಶವೇ. ಆದರೆ ಅದು ನಡೆದಿದ್ದರೆ ವಸ್ತುವಿನ ಗುರುತೇ ಅಳಿಸಿಹೋಗುತ್ತಿತ್ತು.

ಬಯಲಾದ ಬಾಯಿಯ ಅಂಚನ್ನು ಬೆರಳಿನಿಂದ ಸವರಿ ನೋಡಿದರೆ ಅಲ್ಲಿ ಮೊಳೆಯ ತೂತಿಲ್ಲ, ದಾರದ ಗೀರಿಲ್ಲ, ಅಂಟಿನ ಕಲೆಯಿಲ್ಲ. ಅಲ್ಲಿ ಎಂದೂ ಚರ್ಮ ಕೂತಿರಲಿಲ್ಲವೆಂಬುದು ಸ್ಪಷ್ಟ. ಚರ್ಮವಿರುವ ಬಾಯಿಯ ಹೊರಮೈಯಲ್ಲಿ ಕೋಲಿನ ಪೆಟ್ಟಿನ ಗುರುತಾಗಲಿ ಅಂಗೈಯ ಜಿಡ್ಡಾಗಲಿ ಇಲ್ಲ. ಆದ್ದರಿಂದ ಇದು ಬಾರಿಸಿದ ವಾದ್ಯವಲ್ಲ. ಬದಲಾಗಿ ತೂತಿನ ಸುತ್ತ ಹಳೆಯ ದುಡ್ಡಿನಷ್ಟು ಅಗಲಕ್ಕೆ ದುಂಡನೆಯ ಒತ್ತಿದ ಗುರುತಿದೆ. ಅದು ಹೊರಮೈಯಲ್ಲಿದೆ, ಒಳಮೈಯಲ್ಲಿ ಇಲ್ಲ. ಅಂದರೆ ಯಾವುದೋ ಬಿಲ್ಲೆಯೊಂದು ಹೊರಗಿನಿಂದ ಚರ್ಮಕ್ಕೆ ಆತುಕೊಂಡಿತ್ತು, ಒಳಗಿನಿಂದ ಅದನ್ನು ಏನೋ ಎಳೆಯುತ್ತಿತ್ತು. ತೂತಿನ ಅಂಚು ಹರಿದದ್ದಲ್ಲ, ಉಜ್ಜಿ ನಯವಾದದ್ದು. ಕೊಳವೆಯ ಮೈ ಎಲ್ಲ ಕಡೆ ಒರಟಾಗಿದ್ದು ಒಂದು ಪಕ್ಕದಲ್ಲಿ ಮಾತ್ರ ಬಟ್ಟೆಯ ಉಜ್ಜುವಿಕೆಯಿಂದ ಕನ್ನಡಿಯಂತೆ ಹೊಳೆಯುತ್ತದೆ. ಇಷ್ಟನ್ನು ಕೂಡಿಸಿದರೆ ಆಗುವ ಅನುಮಾನ ಇದು: ತೂತಿನ ಮೂಲಕ ಒಂದು ತಂತಿ ಒಳಹೊಕ್ಕು ಬಯಲಾದ ಬಾಯಿಯಿಂದ ಹೊರಬರುತ್ತಿತ್ತು, ಕೊಳವೆಯನ್ನು ಕಂಕುಳಲ್ಲಿ ಇರುಕಿಕೊಂಡು ಆ ತಂತಿಯನ್ನು ಮೀಟುತ್ತಿದ್ದರು. ತೂತು ಹಾನಿಯಲ್ಲ, ಅದೇ ಈ ವಾದ್ಯದ ಗಂಗೆದೊಗಲು.

ಅನುಮಾನಕ್ಕೆ ಪ್ರತ್ಯಕ್ಷವೂ ಒದಗಿತು. ಸವದತ್ತಿ ಎಲ್ಲಮ್ಮನ ಹಾಡುಗಳನ್ನು ಹಾಡುವ ವೃದ್ಧೆಯೊಬ್ಬರು ಜಾತ್ರೆಗೆ ಹೋಗುವ ದಾರಿಯಲ್ಲಿ ನಮ್ಮೂರಿನಲ್ಲಿ ತಂಗಿದ್ದಾಗ ಅವರನ್ನು ಶಾಲೆಗೆ ಬರಮಾಡಿಕೊಂಡೆವು. “ಅವ್ವಾರ, ಇದೇನಂತ ನೋಡಿ ಹೇಳ್ರಿ” ಎಂದು ವಸ್ತುವನ್ನು ಮುಂದಿಟ್ಟೆ. ಅವರು ಹೆಚ್ಚು ಹೊತ್ತು ನೋಡಲಿಲ್ಲ. “ಚೌಡಿಕಿ ಅಲ್ರೀ ಮಾಸ್ತರ್ರ. ನರ ಹೋಗೇತಿ ಅಷ್ಟ” ಎಂದು ಎತ್ತಿ ಎಡಗಂಕುಳಿಗೆ ಇರುಕಿಕೊಂಡರು, ಹೊಳಪಿದ್ದ ಪಕ್ಕವೇ ಅವರ ಪಕ್ಕೆಗೆ ಹೊಂದಿತು. ಮೇಲಿನ ಬಾಯಿಗೆ ಚರ್ಮ ಹಾಕಿಸುವ ಮಾತನ್ನು ಯಾರೋ ಎತ್ತಿದರು. “ಬಾಯಿ ಮುಚ್ಚಿದ್ರ ನರ ಎಲ್ಲಿಂದ ಹೊರಗ ಬರಬೇಕ್ರಿ?” ಎಂದು ಅವರು ನಕ್ಕರು. ಬ್ಯಾಗಿನಿಂದ ನೈಲಾನ್ ಎಳೆಯೊಂದನ್ನು ತೆಗೆದು, ಒಂದು ಗುಂಡಿಗೆ ಗಂಟು ಹಾಕಿ ಹೊರಗಿನಿಂದ ಪೋಣಿಸಿ, ಇನ್ನೊಂದು ತುದಿಯನ್ನು ಮರದ ತುಂಡಿಗೆ ಸುತ್ತಿ ಎಡಗೈಯಲ್ಲಿ ಹಿಡಿದು ಮೀಟಿದರು. ಕೈಯನ್ನು ಸ್ವಲ್ಪ ಎಳೆದರೆ ದನಿ ಏರಿತು, ಸಡಿಲ ಬಿಟ್ಟರೆ ಇಳಿಯಿತು. ಎಂಟನೆಯ ತರಗತಿಯ ಬಾಲಕನೊಬ್ಬನು ಅದು ಮಾತನಾಡುತ್ತಿದೆಯೆಂದು ಕೂಗಿದ್ದು ಅತಿಶಯೋಕ್ತಿಯಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಚೌಡಿಕೆಯ ಮೇಳದಲ್ಲಿ ಚೌಡಿಕೆಯಲ್ಲದೆ ತಾಳವೂ, ಶ್ರುತಿಯೆಂದೂ ತುಂತುಣಿಯೆಂದೂ ಕರೆಯುವ ಇನ್ನೊಂದು ವಾದ್ಯವೂ ಇರುತ್ತವೆ. ತುಂತುಣಿಯೂ ಚರ್ಮದ ತಳದ ಕೊಳವೆಯೇ, ಅದರ ತಂತಿಯೂ ಚರ್ಮದ ನಡುವಿನಿಂದಲೇ ಹೊರಡುತ್ತದೆ. ಮಹಾರಾಷ್ಟ್ರದ ಗೊಂಧಳಿಗಳ ಕೈಯಲ್ಲಿ ಕಾಣುವುದೂ ಅದೇ. ಭೇದವಿರುವುದು ಶ್ರುತಿಯ ವ್ಯವಸ್ಥೆಯಲ್ಲಿ. ತುಂತುಣಿಯ ಪಕ್ಕಕ್ಕೆ ಒಂದು ದಂಡವನ್ನು ಭದ್ರವಾಗಿ ಜಡಿದು, ಅದರ ತುದಿಯ ಬಿರಡೆಗೆ ತಂತಿಯನ್ನು ಸುತ್ತಿರುತ್ತಾರೆ. ಒಮ್ಮೆ ಬಿರಡೆ ತಿರುಗಿಸಿ ಕೂಡಿಸಿದರೆ ಹಾಡು ಮುಗಿಯುವವರೆಗೆ ಒಂದೇ ಸ್ವರ. ಆದುದರಿಂದ ಇಂಥ ಕೊಳವೆ ದೊರೆತಾಗ ಮೊದಲು ನೋಡಬೇಕಾದದ್ದು ಪಕ್ಕದಲ್ಲಿ ದಂಡವನ್ನು ಜಡಿದ ಮೊಳೆಯ ಗುರುತುಂಟೆ ಎಂಬುದನ್ನು. ನಮ್ಮದರಲ್ಲಿ ಅದಿಲ್ಲ, ಕಂಕುಳಿನ ಹೊಳಪಿದೆ. ಈ ಎರಡರಿಂದಲೂ ನಮ್ಮದು ಸ್ಥಿರಶ್ರುತಿಯದಲ್ಲ, ಚರಶ್ರುತಿಯದು.

ಈ ಕುಲ ದೊಡ್ಡದು. ಬಂಗಾಳದ ಬಾವುಲರ ಆನಂದಲಹರಿಯಲ್ಲಿ, ಅದನ್ನೇ ಖಮಕ್ ಎಂದೂ ಹೇಳುತ್ತಾರೆ, ತಂತಿಯ ತುದಿಯಲ್ಲಿ ಪುಟ್ಟದೊಂದು ಕುಡಿಕೆಯನ್ನು ಕಟ್ಟಿ ಅದನ್ನು ಎಡಗೈಯಲ್ಲಿ ಹಿಡಿದು ಎಳೆಯುತ್ತಾರೆ. ಅವರದೇ ಗೋಪೀಯಂತ್ರದಲ್ಲಿ ಕೊಳವೆಯ ಎರಡು ಪಕ್ಕಗಳಿಂದ ಬಿದಿರಿನ ಎರಡು ಸೀಳುಗಳು ಮೇಲೆದ್ದು ಬಿರಡೆಯ ಬಳಿ ಕೂಡುತ್ತವೆ. ಆ ಸೀಳುಗಳನ್ನು ಅದುಮಿದರೆ ತಂತಿ ಸಡಿಲಾಗಿ ಸ್ವರ ಇಳಿಯುತ್ತದೆ. ಮೇವಾತದ ಭಪಂಗಕ್ಕೆ ಸೋರೆಬುರುಡೆಯ ಒಡಲು. ನನಗೆ ಅತ್ಯಂತ ವಿಸ್ಮಯವೆನಿಸಿದ್ದು ಕೇರಳದ ಪುಳ್ಳುವರ ಕುಡ. ಮಣ್ಣಿನ ಕೊಡದ ತಳವನ್ನು ತೆಗೆದು ಅಲ್ಲಿ ಚರ್ಮವನ್ನು ಕಟ್ಟಿ, ಚರ್ಮದಿಂದ ಹೊರಟ ತಂತಿಯನ್ನು ಒಂದು ಕೋಲಿಗೆ ಬಿಗಿದು, ಕೋಲನ್ನು ಕಾಲಿನಿಂದ ಒತ್ತಿ ಹಿಡಿದು ನುಡಿಸುತ್ತಾರೆ. ಸರ್ಪಾರಾಧನೆಯ ಹಾಡುಗಳಿಗೆ ಅದೇ ಒತ್ತಾಸೆ. ಒಂದು ಕಡೆ ಕೈ, ಒಂದು ಕಡೆ ಕಾಲು, ಒಂದು ಕಡೆ ಬಿದಿರಿನ ಸ್ಥಿತಿಸ್ಥಾಪಕ ಗುಣ. ಮಾಡುವ ಕೆಲಸ ಒಂದೇ, ತಂತಿಯ ಉದ್ದವನ್ನು ಬದಲಿಸದೆ ಬಿಗುವನ್ನು ಬದಲಿಸುವುದು.

ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನೊತ್ತಿ ನಾದಮಾಡುವ ಭಾಗದ ಉದ್ದವನ್ನು ಕಡಿಮೆಮಾಡುತ್ತೇವೆ. ಅರ್ಧಕ್ಕೆ ಒತ್ತಿದರೆ ತಾರಸ್ಥಾಯಿ. ಬಿಗುವಿನ ಲೆಕ್ಕ ಇಷ್ಟು ಸರಳವಲ್ಲ. 1636ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿಯು ಪ್ರಕಟಿಸಿದ ನಿಯಮದಂತೆ ಕಂಪನಸಂಖ್ಯೆಯು ಬಿಗುವಿನ ವರ್ಗಮೂಲವನ್ನು ಅನುಸರಿಸುತ್ತದೆ. ಷಡ್ಜದಿಂದ ಪಂಚಮಕ್ಕೆ ಏರಬೇಕಾದರೆ ಬಿಗುವು ಎರಡೂಕಾಲು ಪಟ್ಟು, ಮೇಲಿನ ಷಡ್ಜಕ್ಕೆ ಏರಬೇಕಾದರೆ ನಾಲ್ಕು ಪಟ್ಟು ಆಗಬೇಕು. ಕಣ್ಣಿಗೆ ಮೆಟ್ಟಿಲಿಲ್ಲ, ಬೆರಳಿಗೆ ಗುರುತಿಲ್ಲ. ಮಣಿಕಟ್ಟಿನ ಅಂದಾಜಿನಿಂದಲೇ ಈ ವರ್ಗಮೂಲವನ್ನು ಸಾಧಿಸುವ ಹೆಂಗಸರು ಗಣಿತವನ್ನು ಓದಿದವರಲ್ಲ.

ಇನ್ನೊಂದು ಚೋದ್ಯವೂ ಇದರಲ್ಲಡಗಿದೆ. ತಂಬೂರಿಯಲ್ಲಿ ತಂತಿಯು ಹಲಗೆಗೆ ಸಮಾನಾಂತರವಾಗಿ ಮಲಗಿರುತ್ತದೆ. ಚೌಡಿಕೆಯಲ್ಲಿ ಅದು ಚರ್ಮಕ್ಕೆ ಲಂಬವಾಗಿ ನಿಂತಿದೆ. ಮೀಟಿದ ತಂತಿ ಬಲಕ್ಕೆ ಓಲಿದಾಗ ಚರ್ಮದ ನಡುವನ್ನು ಒಳಕ್ಕೆ ಸೆಳೆಯುತ್ತದೆ, ನೆಟ್ಟಗಾದಾಗ ಬಿಡುತ್ತದೆ, ಎಡಕ್ಕೆ ಓಲಿದಾಗ ಮತ್ತೊಮ್ಮೆ ಸೆಳೆಯುತ್ತದೆ. ತಂತಿಯ ಒಂದು ಪೂರ್ಣ ಓಲಾಟಕ್ಕೆ ಚರ್ಮದ ಎರಡು ಸೆಳೆತ. ತಂತಿಯು ಕ್ಷಣಕ್ಕೆ ನೂರು ಸಲ ಓಲಿದರೆ ಚರ್ಮವು ಇನ್ನೂರು ಸಲ ಕಂಪಿಸಿ, ಕೇಳುವವರ ಕಿವಿಗೆ ತಂತಿಯ ಸ್ವರಕ್ಕಿಂತ ಒಂದು ಸ್ಥಾಯಿ ಮೇಲಿನ ಸ್ವರ ಪ್ರಬಲವಾಗಿ ಬೀಳುತ್ತದೆ. ಕೇಂಬ್ರಿಜ್ಜಿನ ಲಾರೆನ್ಸ್ ಪಿಕೆನ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈ ಇಮ್ಮಡಿಯನ್ನು ವಿವರಿಸಿ, ಇವು ಚರ್ಮವಾದ್ಯಗಳಲ್ಲ, ತಂತಿವಾದ್ಯಗಳೆಂದು ಸಾಧಿಸಿದರು.

ಈ ಸಾಧನೆ ಅಗತ್ಯವಾದದ್ದೇಕೆಂದರೆ, 1914ರಲ್ಲಿ ಹಾರ್ನ್‌ಬಾಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಎಂಬ ಪಂಡಿತರು ರಚಿಸಿದ, ವಸ್ತುಸಂಗ್ರಹಾಲಯಗಳಲ್ಲೆಲ್ಲ ಬಳಕೆಯಾದ ವಾದ್ಯವರ್ಗೀಕರಣದಲ್ಲಿ ಇವನ್ನು ‘ಮೀಟುವ ಡ್ರಮ್ಮುಗಳು’ ಎಂದು ಚರ್ಮವಾದ್ಯಗಳ ಸಾಲಿಗೆ ಸೇರಿಸಲಾಗಿತ್ತು. ಆ ವರ್ಗೀಕರಣದ ಬೇರು ನಮ್ಮ ದೇಶದ್ದೇ ಎಂಬುದನ್ನು ಇಲ್ಲಿ ಹೇಳದಿರಲಾರೆ. ಕಲ್ಕತ್ತೆಯ ರಾಜಾ ಶೌರೀಂದ್ರಮೋಹನ ಠಾಕೂರರು 1876ರಲ್ಲಿ ಭಾರತೀಯ ವಾದ್ಯಗಳ ದೊಡ್ಡ ಸಂಗ್ರಹವನ್ನು ಬೆಲ್ಜಿಯಮ್ಮಿನ ದೊರೆಗೆ ಕಾಣಿಕೆ ಕೊಟ್ಟರು. ಬ್ರಸೆಲ್ಸಿನ ಸಂಗ್ರಹಾಲಯದ ಮಾಹಿಯೋಂ ಎಂಬುವರು ತಮ್ಮ ಪಟ್ಟಿಯನ್ನು 1880ರಲ್ಲಿ ರಚಿಸುವಾಗ ತತ, ಸುಷಿರ, ಅವನದ್ಧ, ಘನ ಎಂಬ ಭರತನ ನಾಲ್ಕು ವಿಭಾಗಗಳ ಮಾದರಿಯನ್ನೇ ಅನುಸರಿಸಿದರು. ಸಾಕ್ಸ್ ಮೊದಲಾದವರು ಅದನ್ನು ಬೆಳೆಸಿದರು. ಚೌಡಿಕೆಯು ತತವೋ ಅವನದ್ಧವೋ? ತಂತಿಯಿಲ್ಲದೆ ಸ್ವರವಿಲ್ಲ, ಚರ್ಮವಿಲ್ಲದೆ ಕೇಳಿಸುವುದಿಲ್ಲ. ಸ್ವರವನ್ನು ನಿರ್ಣಯಿಸುವುದು ಯಾವುದೋ ಅದರ ಜಾತಿಗೆ ಸೇರಿಸುವುದು ನ್ಯಾಯವಾದ್ದರಿಂದ ತತವೆಂಬ ಪಕ್ಷವೇ ನನಗೆ ಸಮ್ಮತ. ಆದರೆ ಚೌಡಿಕೆಯನ್ನು ನುಡಿಸುವವರಿಗೆ ಈ ವಿವಾದದಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ.

ಹೆಸರಿನ ಬಗೆಗೆ ಎರಡು ಮಾತು. ಮರಾಠಿಯಲ್ಲಿ ಇದು ಚೌಂಡಕೆ. ಚೌಡಿ, ಚೌಡವ್ವ ಎಂಬ ದೇವತಾನಾಮಗಳೊಡನೆ ಜೋಡಿಸಿಬಿಡುವ ಮನಸ್ಸಾಗುವುದು ಸಹಜ. ಶಬ್ದಸಾದೃಶ್ಯವೊಂದನ್ನೇ ಹಿಡಿದು ವ್ಯುತ್ಪತ್ತಿ ಹೇಳುವುದು ವೈಯಾಕರಣರಿಗೆ ಸಲ್ಲದು. ಪರಶುರಾಮನು ತಾಯಿಯಾದ ರೇಣುಕೆಯ ಸಂತೋಷಕ್ಕಾಗಿ, ತಾನು ಸಂಹರಿಸಿದ ವೈರಿಯ ದೇಹದಿಂದಲೇ ಈ ವಾದ್ಯವನ್ನು ಮಾಡಿದನೆಂಬುದು ಜೋಗತಿಯರ ಐತಿಹ್ಯ. ತಂತಿಗೆ ‘ನರ’ ಎಂಬ ಹೆಸರು ಆ ಕಥೆಗೆ ಚೆನ್ನಾಗಿ ಒಪ್ಪುತ್ತದೆ.

ನಾಮನಿರ್ಣಯವಾದೊಡನೆ ಬೇರೊಂದು ಪ್ರಶ್ನೆ ಎದ್ದಿತು, ಅದನ್ನು ಮುಚ್ಚಿಡುವುದು ಉಚಿತವಲ್ಲ. ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದ ಪದ್ಧತಿಯೊಡನೆ ಬೆಸೆದುಕೊಂಡ ವಾದ್ಯವನ್ನು ಹೆಣ್ಣುಮಕ್ಕಳೂ ಓದುವ ಶಾಲೆಯಲ್ಲಿ ಇಡಬಹುದೆ ಎಂದು ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲಿಯೇ ಆ ಪದ್ಧತಿಗೆ ವಿರುದ್ಧವಾದ ಕಾಯಿದೆ ಬಂದಿತ್ತು. 1982ರಲ್ಲಿ ಕರ್ನಾಟಕದ ವಿಧಾನಮಂಡಲವು ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಿತು. ಆಗಬೇಕಾದ ಕೆಲಸ. ಆದರೆ ಕಾಯಿದೆ ನಿಷೇಧಿಸಿದ್ದು ಸಮರ್ಪಣೆಯನ್ನು, ಹಾಡನ್ನಲ್ಲ. ಅನೇಕ ಮನೆಗಳಲ್ಲಿ ನಾಚಿಕೆಯಿಂದ ಚೌಡಿಕೆ ಅಟ್ಟವನ್ನೇರಿತು, ನರ ಬಿಚ್ಚಿಹೋಯಿತು. ಅಜ್ಜಿ ಯಾರೆಂದು ಮೊಮ್ಮಕ್ಕಳಿಗೆ ಹೇಳುವವರೂ ಇಲ್ಲವಾದರು. ಹೆಸರು ತಪ್ಪಿದ ಮೂಲ ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಈ ಮೌನವೆಂದು ನನಗೆ ತೋರುತ್ತದೆ. ಇನ್ನೊಂದು ಪಕ್ಕದಲ್ಲಿ, ಇದೇ ಪರಂಪರೆಯಿಂದ ಬಂದ ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ವಾದ್ಯವನ್ನು ಇಡಬೇಕು, ಅದನ್ನು ನುಡಿಸಿದವರ ಬಾಳಿನ ಕಷ್ಟವನ್ನೂ ಚೀಟಿಯಲ್ಲಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆಡಳಿತ ಮಂಡಳಿಯವರು ಅದನ್ನೊಪ್ಪಿದರು. ಕೊಟ್ಟವರ ಮನೆಯವರನ್ನು ಕೇಳಿದ್ದಕ್ಕೆ, ಇದು ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳದ್ದಿರಬೇಕೆಂದು ಮೊದಲು ಹೇಳಿ, ಎರಡು ವಾರಗಳ ತರುವಾಯ ತಾವಾಗಿಯೇ ಬಂದು ತಮ್ಮ ಮುತ್ತಜ್ಜಿಯ ತಂಗಿಯದೆಂದು ಹೇಳಿಹೋದರು. ಅದನ್ನೂ ಅವರ ಅನುಮತಿಯಿಂದ ದಾಖಲಿಸಲಾಗಿದೆ.

ಹೊಸ ಚರ್ಮಕ್ಕೆಂದು ದಾನಿಗಳು ಕೊಟ್ಟ ಹಣದಲ್ಲಿ ಗಾಜಿನ ಪೆಟ್ಟಿಗೆಯನ್ನು ಮಾಡಿಸಿ, ಉಳಿದುದರಲ್ಲಿ ಹಾಡುವ ಆ ತಾಯಿಯವರ ಮೂರು ರಾತ್ರಿಗಳ ಹಾಡನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಇಂಥ ಕೊಳವೆಗಳು ಇನ್ನೂ ಕೆಲವು ಮನೆಗಳಲ್ಲಿ ಇದ್ದೇ ಇರುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ತೂತಿಗೆ ತೇಪೆ ಹಾಕಿಸಬೇಡಿ, ಚರ್ಮಕ್ಕೆ ಎಣ್ಣೆ ಸವರಬೇಡಿ, ಮರವನ್ನು ಉಜ್ಜಿ ಬಣ್ಣ ಬಳಿಯಬೇಡಿ, ಕಂಕುಳಿನ ಹೊಳಪೇ ಅದರ ಸಾಕ್ಷಿ. ತಂತಿ ಉಳಿದಿದ್ದರೆ ಬಿಗುವನ್ನು ಬಿಟ್ಟು ಸಡಿಲವಾಗಿಡಿ, ಇಲ್ಲದಿದ್ದರೆ ಒಣಗಿದ ಚರ್ಮ ನಡುವಿನಿಂದಲೇ ಸೀಳುತ್ತದೆ. ಯಾರದೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಮೊದಲು ಅವರನ್ನು ಕೇಳಿ, ಆಮೇಲೆ ವಾದ್ಯವನ್ನು ತನ್ನಿ. ನಮ್ಮ ದಾಖಲೆಯ ಪುಸ್ತಕದಲ್ಲಿ ಹಳೆಯ ನಮೂದನ್ನು ಅಳಿಸದೆ ಅದರ ಕೆಳಗೆ ಹೀಗೆ ಬರೆದಿದೆ: ‘ಚೌಡಿಕೆ, ಚರಶ್ರುತಿ, ನರವಿಲ್ಲ, ಒಡಲು ಸುಸ್ಥಿತಿ, 1.’